ಆಗಮನ ಕಾಲದ ಸಂಜೆಗಳನ್ನು ಮನೆಗಳಿಗೆ ಬಿಟ್ಟುಕೊಡಿ: ಕಥೋಲಿಕ ಶಾಲೆಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಕಥೋಲಿಕ ಶಾಲೆಗಳ ಹೊಣೆ ಹೊತ್ತಿರುವ ಪೂಜ್ಯ ಗುರುಗಳಿಗೆ, ಧರ್ಮಭಗಿನಿಯರಿಗೆ, ಮುಖ್ಯೋಪಾಧ್ಯಾಯರಿಗೆ ಹಾಗೂ ಆಡಳಿತ ಮಂಡಳಿಗಳ ಸದಸ್ಯರಿಗೆ ಗೌರವಪೂರ್ವಕ ವಂದನೆಗಳು.

ನನ್ನ ಕೋರಿಕೆ ಚಿಕ್ಕದು, ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರಿಸ್ಮಸ್ಸಿಗೆ ಸಿದ್ಧರಾಗುವ ಆಗಮನ ಕಾಲದ ನಾಲ್ಕು ವಾರಗಳಲ್ಲಿ ಶಾಲೆ ಬಿಟ್ಟ ನಂತರದ ಹೊತ್ತನ್ನು, ಎಂದರೆ ಸಂಜೆಗಳನ್ನೂ ಭಾನುವಾರಗಳನ್ನೂ, ಶಾಲೆಯ ಕಾರ್ಯಕ್ರಮಗಳಿಂದ ಮುಕ್ತವಾಗಿಡಿ. ಕ್ರಿಸ್ಮಸ್ ನಾಟಕ, ಕ್ಯಾರಲ್ ಗಾಯನ, ಗೋದಲಿ (ಯೇಸುವಿನ ಜನನದ ದೃಶ್ಯ) ಕಟ್ಟುವ ಸ್ಪರ್ಧೆ, ನಕ್ಷತ್ರ ತಯಾರಿಸುವ ಸ್ಪರ್ಧೆ, ಪೋಷಕರ ಕ್ರಿಸ್ಮಸ್ ಕೂಟ ಇವುಗಳಲ್ಲಿ ಬೇಕಾದದ್ದನ್ನು ಉಳಿಸಿಕೊಂಡು ಉಳಿದದ್ದನ್ನು ಕೈಬಿಡಿ. ಉಳಿಸಿಕೊಂಡದ್ದನ್ನು ಶಾಲಾ ವೇಳೆಯೊಳಗೇ ಮುಗಿಸಿ, ಇಲ್ಲವೇ ಕ್ರಿಸ್ಮಸ್ ಕಳೆದ ಮೇಲೆ ಇಟ್ಟುಕೊಳ್ಳಿ. ಈ ಮಾತನ್ನು ಶಾಲೆಗೆ ಹೋಗುವ ಮಕ್ಕಳಿರುವ ಒಬ್ಬ ತಾಯಿಯಾಗಿಯೂ ಧರ್ಮಕೇಂದ್ರದಲ್ಲಿ (ನಮ್ಮ ಊರಿನ ಚರ್ಚಿನಲ್ಲಿ) ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳಾಗಿಯೂ ಬರೆಯುತ್ತಿದ್ದೇನೆ. ಯಾವುದೋ ಒಂದು ಶಾಲೆಯ ಮೇಲೆ ದೂರು ಹೊರಿಸುವುದು ನನ್ನ ಉದ್ದೇಶವಲ್ಲ. ಜಗತ್ತಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಥೋಲಿಕ ಶಾಲೆಗಳಿವೆ. ಅವುಗಳಲ್ಲಿ ಎಷ್ಟೋ ಶಾಲೆಗಳ ಡಿಸೆಂಬರ್ ತಿಂಗಳು ಒಂದೇ ಬಗೆಯಾಗಿರುತ್ತದೆ ಎಂಬುದೇ ಈ ಪತ್ರಕ್ಕೆ ಕಾರಣ.

ಆಗಮನ ಕಾಲ ಎಷ್ಟು ಚಿಕ್ಕದೆಂಬುದು ನಮ್ಮ ನೆನಪಿನಲ್ಲಿ ಇರುವುದಿಲ್ಲ. ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರ, ಎಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗಿನ ಭಾನುವಾರ, ಅದು ಆರಂಭವಾಗಿ ಡಿಸೆಂಬರ್ 24ರ ಸಂಜೆಗೆ ಮುಗಿಯುತ್ತದೆ. ಹೀಗಾಗಿ ಅದರ ಅವಧಿ ಕಡಿಮೆ ಎಂದರೆ 22 ದಿನ, ಹೆಚ್ಚೆಂದರೆ 28 ದಿನ. 2022ರಲ್ಲಿ ಪೂರ್ತಿ 28 ದಿನ ಸಿಕ್ಕಿತ್ತು. ಮರುವರ್ಷ ನಾಲ್ಕನೆಯ ಭಾನುವಾರವೇ ಡಿಸೆಂಬರ್ 24ರಂದು ಬಿದ್ದಿದ್ದರಿಂದ ಬೆಳಿಗ್ಗೆ ಆಗಮನ ಕಾಲದ ಕೊನೆಯ ಬಲಿಪೂಜೆ (ಮಾಸ್), ಅದೇ ರಾತ್ರಿ ಕ್ರಿಸ್ಮಸ್ ಬಲಿಪೂಜೆ ಎಂಬಂತಾಯಿತು; 2028ರಲ್ಲಿಯೂ ಹಾಗೆಯೇ ಆಗಲಿದೆ. ಇಷ್ಟು ಕಿರಿದಾದ ಕಾಲವನ್ನೇ ಧರ್ಮಸಭೆ, ಎಂದರೆ ಕಥೋಲಿಕ ಚರ್ಚ್, ಎರಡು ಭಾಗಗಳಾಗಿ ವಿಂಗಡಿಸಿದೆ. ಡಿಸೆಂಬರ್ 16ರವರೆಗಿನ ಮೊದಲ ಭಾಗದಲ್ಲಿ ವಾಚನಗಳೂ ಪ್ರಾರ್ಥನೆಗಳೂ ಕ್ರಿಸ್ತರ ಪುನರಾಗಮನದ ಕಡೆಗೆ ನಮ್ಮ ಮುಖ ತಿರುಗಿಸುತ್ತವೆ. 17ರಿಂದ 24ರವರೆಗಿನ ದಿನಗಳು ಮಾತ್ರ ಬೆತ್ಲೆಹೇಮಿನ ಜನನಕ್ಕೆ ನೇರವಾದ ಸಿದ್ಧತೆ. ಆರಾಧನಾ ವರ್ಷದ ಕುರಿತ 1969ರ ನಿಯಮಾವಳಿ ಈ ಇಡೀ ಕಾಲವನ್ನು ಭಕ್ತಿಯಿಂದಲೂ ಸಂತೋಷದಿಂದಲೂ ಎದುರುನೋಡುವ ಕಾಲವೆಂದು ಕರೆಯುತ್ತದೆ. ಅದಕ್ಕೇ ಬಲಿಪೀಠದಲ್ಲಿ ನೇರಳೆ ಬಣ್ಣ, ಅದಕ್ಕೇ ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆಗೆ ಬಿಡುವು. ಆ ಗೀತೆ ಬೆತ್ಲೆಹೇಮಿನ ಹೊಲದಲ್ಲಿ ದೇವದೂತರು ಹಾಡಿದ ಮಾತುಗಳಿಂದ ಆರಂಭವಾಗುವುದರಿಂದ ಆ ರಾತ್ರಿಗೇ ಅದನ್ನು ಮೀಸಲಾಗಿಟ್ಟು ನಾವು ಬಾಯಿ ಕಟ್ಟಿ ಕಾಯುತ್ತೇವೆ.

ಗುಡಿಯಲ್ಲಿ ಹೀಗೆ ಕಾಯುತ್ತಿರುವಾಗ, ಅದರ ಪಕ್ಕದಲ್ಲೇ ಇರುವ ಶಾಲೆಯಲ್ಲಿ ಡಿಸೆಂಬರ್ ಮೊದಲ ವಾರಕ್ಕೇ ಬಾಲಯೇಸು ಹುಟ್ಟಿ, ಕುರುಬರು ಬಂದು, ಮೂವರು ಜ್ಞಾನಿಗಳು ಕಾಣಿಕೆ ಒಪ್ಪಿಸಿ, ಪರದೆ ಬಿದ್ದಿರುತ್ತದೆ. ಒಂದು ನಾಟಕಕ್ಕೆ ಹಲವು ಸಂಜೆಗಳ ತಾಲೀಮು ಬೇಕು. ದೇವದೂತರ ರೆಕ್ಕೆ, ಕುರುಬರ ಕಂಬಳಿ, ಅರಸರ ಕಿರೀಟ ಬೇಕು. ಇವನ್ನೆಲ್ಲ ಹೊಂದಿಸುವವರು ಬಹುಪಾಲು ಮನೆಗಳಲ್ಲಿ ತಾಯಂದಿರು, ಅದೂ ಕಚೇರಿಯಿಂದ ಬಂದು ಅಡುಗೆ ಮುಗಿಸಿದ ಮೇಲೆ. ಒಂದೇ ಮನೆಯ ಇಬ್ಬರು ಮಕ್ಕಳು ಬೇರೆ ಬೇರೆ ತರಗತಿಗಳಲ್ಲಿದ್ದರೆ ಒಬ್ಬರ ತಾಲೀಮು ಮುಗಿಯುವ ಹೊತ್ತಿಗೆ ಇನ್ನೊಬ್ಬರದು ಆರಂಭವಾಗುತ್ತದೆ. ದಕ್ಷಿಣ ಗೋಳಾರ್ಧದ ಹಲವು ದೇಶಗಳಲ್ಲಿ ಡಿಸೆಂಬರ್ ಎಂದರೆ ಶೈಕ್ಷಣಿಕ ವರ್ಷದ ಕೊನೆ. ಅಲ್ಲಿ ಪರೀಕ್ಷೆ, ಬೀಳ್ಕೊಡುಗೆ, ಬಹುಮಾನ ವಿತರಣೆಗಳೂ ಇದರ ಮೇಲೆ ಬಂದು ಕೂರುತ್ತವೆ. ಹೀಗೆ ನಾಲ್ಕು ವಾರ ಓಡಾಡಿದ ಕುಟುಂಬ ಕ್ರಿಸ್ಮಸ್ ರಾತ್ರಿ ಗುಡಿಗೆ ಬಂದು ಕೂತಾಗ ಮಕ್ಕಳ ಕಣ್ಣಲ್ಲಿ ನಿದ್ದೆಯೂ ದೊಡ್ಡವರ ಮುಖದಲ್ಲಿ ಹಬ್ಬ ಮುಗಿಯಿತಲ್ಲ ಎಂಬ ನಿರಾಳವೂ ಕಾಣುತ್ತದೆ. ಆ ಜನ ದೇವಭಕ್ತಿ ಕಡಿಮೆಯಾದವರೆಂದು ನನಗೆ ಅನ್ನಿಸುವುದಿಲ್ಲ. ಅವರು ದಣಿದಿದ್ದಾರೆ, ಅಷ್ಟೆ.

ಶಾಲೆ ಇದನ್ನೆಲ್ಲ ಮಾಡುವುದು ಒಳ್ಳೆಯ ಉದ್ದೇಶದಿಂದಲೇ. ಮನೆಗಳಲ್ಲಿ ಪ್ರಾರ್ಥನೆ ಕಡಿಮೆಯಾಗಿದೆ, ಹಬ್ಬವೆಂದರೆ ಖರೀದಿ ಎಂದಾಗಿದೆ, ಕನಿಷ್ಠ ಶಾಲೆಯಲ್ಲಾದರೂ ಮಕ್ಕಳು ಕ್ರಿಸ್ಮಸ್ಸಿನ ನಿಜವಾದ ಕಥೆಯನ್ನು ಅರಿಯಲಿ ಎಂಬ ವಾದವನ್ನು ನಾನು ಅನೇಕ ಶಿಕ್ಷಕರಿಂದ ಕೇಳಿದ್ದೇನೆ, ಅದರಲ್ಲಿ ಸತ್ಯವೂ ಇದೆ. ಆದರೆ ಮನೆಯಲ್ಲಿ ನಡೆಯದಿರುವುದನ್ನು ಶಾಲೆಯೇ ಮಾಡಿಮುಗಿಸಿದರೆ ಮನೆಗೆ ಅದನ್ನು ಮಾಡುವ ಬಿಡುವೂ ಉಳಿಯುವುದಿಲ್ಲ, ಅಗತ್ಯವೂ ಕಾಣುವುದಿಲ್ಲ. ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಗುರುತಿಸಿತು. ಶಿಕ್ಷಣದ ಕುರಿತು ಅದೇ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆ ತಂದೆ ತಾಯಿಯರೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ಎಂದಿತು. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬ ಜೀವನದ ಕುರಿತು ಬರೆದ ‘ಅಮೋರಿಸ್ ಲೆತೀಸಿಯ’ದಲ್ಲಿ ಶಾಲೆ ತಂದೆ ತಾಯಿಯರ ಸ್ಥಾನದಲ್ಲಿ ನಿಲ್ಲುವಂಥದ್ದಲ್ಲ, ಅವರಿಗೆ ಪೂರಕವಾಗಿ ನಿಲ್ಲುವಂಥದ್ದು ಎಂಬ ತತ್ವವನ್ನು ಮತ್ತೆ ನೆನಪಿಸಿದರು. ಧರ್ಮಸಭೆಯ ಕಾನೂನು ಗ್ರಂಥವಾದ 1983ರ ಕ್ಯಾನನ್ ಕಾನೂನು ಸಂಹಿತೆಯ 796ನೆಯ ವಿಧಿಯಂತೂ ಇನ್ನೂ ವ್ಯಾವಹಾರಿಕವಾದ ಮಾತಾಡುತ್ತದೆ: ಶಿಕ್ಷಕರು ಪೋಷಕರೊಂದಿಗೆ ನಿಕಟವಾಗಿ ಸಹಕರಿಸಬೇಕು, ಅವರ ಮಾತನ್ನು ಮನಃಪೂರ್ವಕ ಕೇಳಬೇಕು, ಪೋಷಕರ ಸಂಘ ಮತ್ತು ಸಭೆಗಳನ್ನು ಏರ್ಪಡಿಸಿ ಅವಕ್ಕೆ ಬೆಲೆ ಕೊಡಬೇಕು. ಪೋಷಕರ ಸಭೆಯೆಂದರೆ ಶುಲ್ಕದ ನೆನಪೋಲೆ ಮತ್ತು ಅಂಕಪಟ್ಟಿಯ ಸಹಿ ಎಂದಾಗಿರುವ ಕಡೆಗಳಲ್ಲಿ ಈ ವಿಧಿಯನ್ನು ಸಭಾಂಗಣದ ಗೋಡೆಯ ಮೇಲೆ ಬರೆಸಬೇಕೆಂದು ನನಗೆ ಅನೇಕ ಸಲ ಅನ್ನಿಸಿದ್ದುಂಟು.

ಅದೇ 2016ರ ಪತ್ರದಲ್ಲಿ ಆಗಮನ ಕಾಲದ ಹೆಸರೆತ್ತದೆಯೇ ಆಗಮನ ಕಾಲಕ್ಕೆ ಬಹಳ ಹತ್ತಿರವಾದ ಒಂದು ವಿಚಾರವಿದೆ. ಕೆಲವು ಸಂಗತಿಗಳಿಗಾಗಿ ಕಾಯಲೇಬೇಕು ಎಂಬುದನ್ನು ಮನೆಯಲ್ಲಿ ಕಲಿಯದ ಮಕ್ಕಳು ಬೇಕೆಂದದ್ದು ತಕ್ಷಣ ಸಿಗಲೇಬೇಕೆಂಬ ಹಠಕ್ಕೆ ಸಿಲುಕುತ್ತಾರೆ, ಕಾಯುವುದನ್ನು ಕಲಿತವರು ತಮ್ಮ ಮೇಲೆ ತಮಗೇ ಇರುವ ಹಿಡಿತವನ್ನು ಕಂಡುಕೊಳ್ಳುತ್ತಾರೆ ಎಂಬುದು ಅದರ ತಾತ್ಪರ್ಯ. ಕಾಯುವುದನ್ನು ಪಾಠ ಮಾಡಿ ಕಲಿಸಲಾಗದು. ನಾಲ್ಕು ಭಾನುವಾರ, ನಾಲ್ಕು ಮೇಣದಬತ್ತಿ, ವಾರಕ್ಕೊಂದರಂತೆ ಹಚ್ಚುವಾಗ ಮೊದಲ ವಾರವೇ ಎಲ್ಲವನ್ನೂ ಹಚ್ಚೋಣವೆಂದು ಚಿಕ್ಕವನು ಹಠ ಹಿಡಿಯುತ್ತಾನೆ, ಅಕ್ಕ ಬೇಡವೆನ್ನುತ್ತಾಳೆ, ಅಜ್ಜಿ ಇಬ್ಬರನ್ನೂ ಸುಮ್ಮನಾಗಿಸುತ್ತಾಳೆ. ಎರಡನೆಯ ವಾರಕ್ಕೆ ಅವನೇ ಇನ್ನೂ ಎರಡು ಉಳಿದಿವೆ ಎಂದು ಎಣಿಸಿ ಹೇಳುತ್ತಾನೆ. ಆ ಎಣಿಕೆಯಲ್ಲಿ ಮಗು ಕಲಿತದ್ದನ್ನು ವೇದಿಕೆಯ ಮೇಲೆ ಅದು ಬಾಯಿಪಾಠ ಒಪ್ಪಿಸುವ ಯಾವ ಸಂಭಾಷಣೆಯೂ ಕಲಿಸದು. ಆ ಹೊತ್ತಿಗೆ ಮನೆಯವರೆಲ್ಲ ಮನೆಯಲ್ಲಿರಬೇಕು ಎಂಬುದೊಂದೇ ಅದಕ್ಕಿರುವ ಷರತ್ತು.

ಹಸಿರೆಲೆಗಳ ಚಕ್ರದ ಮೇಲೆ ಮೇಣದಬತ್ತಿ ಹಚ್ಚುವ ಈ ಪದ್ಧತಿ ಇಂದು ಎಷ್ಟು ಕಥೋಲಿಕ ಗುಡಿಗಳಲ್ಲಿ ನೆಲೆಯೂರಿದೆಯೆಂದರೆ ಅದು ಬೇರೆಡೆಯಿಂದ ಬಂದದ್ದು ಎಂಬುದೇ ಅನೇಕರಿಗೆ ತಿಳಿಯದು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ನಿರ್ಗತಿಕ ಮಕ್ಕಳಿಗಾಗಿ ಆಶ್ರಯಧಾಮವೊಂದನ್ನು ನಡೆಸುತ್ತಿದ್ದ ಲುಥರನ್ ಪಾದ್ರಿ ಯೋಹಾನ್ ಹಿನ್ರಿಚ್ ವಿಖೆರ್ನ್ ಅವರು 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬತ್ತಿಗಳನ್ನೂ ನಡುವಿನ ದಿನಗಳಿಗೆ ಚಿಕ್ಕ ಬತ್ತಿಗಳನ್ನೂ ನೆಟ್ಟರು. ಕ್ರಿಸ್ಮಸ್ ಯಾವಾಗ, ಇನ್ನೆಷ್ಟು ದಿನ ಎಂದು ಮಕ್ಕಳು ಕೇಳುತ್ತಲೇ ಇದ್ದದ್ದು ಅದಕ್ಕೆ ಕಾರಣವೆಂದು ಹೇಳುತ್ತಾರೆ. ಮನೆಯೇ ಇಲ್ಲದ ಮಕ್ಕಳಿಗೆ ಮನೆಯ ಒಂದು ಸಂಜೆಯನ್ನು ಕಟ್ಟಿಕೊಡಲು ಹುಟ್ಟಿದ ಪದ್ಧತಿ ಅದು. ಆ ಚಕ್ರವನ್ನು ಪ್ರತಿ ತರಗತಿಯೂ ಅಲಂಕರಿಸಿ ತರಬೇಕು, ಚೆಂದವಾದದ್ದಕ್ಕೆ ಬಹುಮಾನವಿದೆ ಎಂದು ಸುತ್ತೋಲೆ ಹೊರಟಾಗ ಅದನ್ನು ಮೊದಲು ಮಾಡಿದವರ ಉದ್ದೇಶದಿಂದ ಬಹಳ ದೂರ ಬಂದಿರುತ್ತೇವೆ.

ಗೋದಲಿಯ ಕಥೆಯೂ ಇದಕ್ಕಿಂತ ಬೇರೆಯಲ್ಲ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಸಿದ್ಧಪಡಿಸಿದ್ದು ಒಂದು ಮೇವಿನ ತೊಟ್ಟಿ, ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಅಲ್ಲಿ ಪ್ರತಿಮೆಗಳಿರಲಿಲ್ಲ, ವೇಷ ಹಾಕಿದ ಪಾತ್ರಧಾರಿಗಳೂ ಇರಲಿಲ್ಲ. ತೊಟ್ಟಿಯ ಮೇಲೆ ಗುರುಗಳು ಬಲಿಪೂಜೆ ಅರ್ಪಿಸಿದರು, ಊರಿನ ಜನ ಪಂಜು ಹಿಡಿದು ಸುತ್ತ ನಿಂತರು. ಅದೇ ಊರಿಗೆ 2019ರ ಡಿಸೆಂಬರ್ 1ರಂದು ಹೋಗಿ ಪೋಪ್ ಫ್ರಾನ್ಸಿಸ್ ಗೋದಲಿಯ ಅರ್ಥದ ಕುರಿತ ಪತ್ರಕ್ಕೆ ಸಹಿ ಹಾಕಿದರು, ಕುಟುಂಬಗಳಲ್ಲಿ ಗೋದಲಿ ಕಟ್ಟುವ ವಾಡಿಕೆ ಉಳಿಯಲಿ ಎಂದು ಆಶಿಸಿದರು. ಜನಪದ ಭಕ್ತಿಯ ಕುರಿತು ವ್ಯಾಟಿಕನ್ 2001ರಲ್ಲಿ ಹೊರತಂದ ಮಾರ್ಗದರ್ಶಿಯೂ ಇದನ್ನೇ ಹೇಳುತ್ತದೆ: ಮಕ್ಕಳು ಮುಂದಾಗಿ ಗೋದಲಿ ಕಟ್ಟುವಾಗ ಮನೆಯವರು ಒಟ್ಟುಗೂಡಿ ಪ್ರಾರ್ಥಿಸಲು, ಯೇಸುವಿನ ಜನನದ ವೃತ್ತಾಂತವನ್ನು ಓದಲು ಅದೊಂದು ಸಂದರ್ಭ. ಈಗ ಅನೇಕ ಮನೆಗಳಲ್ಲಿ ಶಾಲೆಯ ಸ್ಪರ್ಧೆಗೆಂದು ಕಟ್ಟಿದ ಗೋದಲಿ ಶಾಲೆಯಲ್ಲೇ ಉಳಿದು, ಮನೆಯದು ಡಿಸೆಂಬರ್ 24ರ ಮಧ್ಯಾಹ್ನ ಪೆಟ್ಟಿಗೆಯಿಂದ ಹೊರಬರುತ್ತದೆ.

ಇನ್ನೊಂದು ವಿಷಯವನ್ನು ಸ್ವಲ್ಪ ಸಂಕೋಚದಿಂದಲೇ ಎತ್ತುತ್ತೇನೆ. ಕುಟುಂಬ ಪ್ರಾರ್ಥನೆಯನ್ನು ಪ್ರೋತ್ಸಾಹಿಸುವ ಉತ್ಸಾಹದಲ್ಲಿ ಕೆಲವು ಶಾಲೆಗಳು ಆಗಮನ ಕಾಲಕ್ಕೊಂದು ಚಟುವಟಿಕೆ ಪಟ್ಟಿಯನ್ನು ಮಕ್ಕಳ ಕೈಯಲ್ಲಿ ಕಳುಹಿಸುತ್ತವೆ. ಇಂದು ಮನೆಯವರೆಲ್ಲ ಸೇರಿ ಜಪಸರ ಹೇಳಿದಿರಾ, ಇಂದು ಯಾರಿಗಾದರೂ ಸಹಾಯ ಮಾಡಿದಿರಾ, ಇಂದು ಟಿವಿ ನೋಡದೆ ಇದ್ದಿರಾ ಎಂದು ಕೇಳಿ, ಎದುರಿಗೆ ಪೋಷಕರ ಸಹಿಗೆ ಜಾಗ ಬಿಟ್ಟಿರುತ್ತಾರೆ. ಮನೆಯ ಪ್ರಾರ್ಥನೆ ಅಲ್ಲಿಗೆ ಮನೆಗೆಲಸದ ಪುಸ್ತಕ ಸೇರಿತು. ಮಗು ಪಟ್ಟಿ ತುಂಬದಿದ್ದರೆ ಶಿಕ್ಷಕಿ ಏನೆನ್ನುತ್ತಾರೋ ಎಂದು ಹೆದರುತ್ತದೆ, ತಾಯಿ ಒಂದೇ ರಾತ್ರಿ ಒಂದು ವಾರದ ಸಹಿ ಹಾಕುತ್ತಾಳೆ, ಮೂರನೆಯ ವಾರಕ್ಕೆ ಮಗುವಿಗೆ ದೇವರ ವಿಷಯದಲ್ಲಿ ಸಣ್ಣ ಸುಳ್ಳು ನಡೆಯುತ್ತದೆ ಎಂಬುದು ಮನದಟ್ಟಾಗುತ್ತದೆ. ಪ್ರಾರ್ಥನೆಯ ಚೀಟಿಯನ್ನು ಮನೆಗೆ ಕಳುಹಿಸಿ, ಅದು ನಿಜಕ್ಕೂ ಉಪಯೋಗ. ಶುಭಸಂದೇಶದ (ಸುವಾರ್ತೆಯ) ನಾಲ್ಕು ಸಾಲು, ಒಂದು ಪುಟ್ಟ ಪ್ರಾರ್ಥನೆ ಇದ್ದರೆ ಹೇಗೆ ಪ್ರಾರ್ಥಿಸಬೇಕೆಂದು ತೋಚದ ಮನೆಗೆ ಅದು ಆಸರೆಯಾಗುತ್ತದೆ. ಆದರೆ ಅದನ್ನು ಮರಳಿ ಕೇಳಬೇಡಿ. ಹೇಳಿದರೋ ಬಿಟ್ಟರೋ ಎಂಬುದು ಆ ಮನೆಗೂ ದೇವರಿಗೂ ಬಿಟ್ಟ ವಿಚಾರ.

ಕುಟುಂಬ ಎಂಬ ಪದವನ್ನು ಶಾಲೆಯ ಸುತ್ತೋಲೆಗಳಲ್ಲಿ ಓದಿದಾಗ ತಂದೆ, ತಾಯಿ, ಇಬ್ಬರು ಮಕ್ಕಳು, ಗೋದಲಿಯ ಮುಂದೆ ಕೈಮುಗಿದು ನಿಂತ ಚಿತ್ರವೊಂದು ಕಣ್ಣಿಗೆ ಬರುತ್ತದೆ. ನಿಮ್ಮ ಹಾಜರಿ ಪುಸ್ತಕದಲ್ಲಿರುವ ಕುಟುಂಬಗಳು ಹಾಗಿಲ್ಲವೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ತಂದೆ ದೂರದೇಶದಲ್ಲಿ ದುಡಿಯುತ್ತಿರುವ ಮನೆಗಳಿವೆ, ಬೇರೆಯಾದ ತಂದೆ ತಾಯಿಯರ ನಡುವೆ ವಾರವನ್ನು ಹಂಚಿಕೊಂಡು ಬದುಕುವ ಮಕ್ಕಳಿದ್ದಾರೆ, ಅಜ್ಜಿಯ ಆಸರೆಯಲ್ಲಿ ಬೆಳೆಯುವವರಿದ್ದಾರೆ, ಕಳೆದ ಕ್ರಿಸ್ಮಸ್ಸಿಗೆ ಜೊತೆಗಿದ್ದ ತಾಯಿಯನ್ನು ಈ ವರ್ಷ ಕಳೆದುಕೊಂಡವರಿದ್ದಾರೆ. ‘ತಂದೆ ತಾಯಿ ಇಬ್ಬರೂ ತಪ್ಪದೆ ಬರಬೇಕು’ ಎಂಬ ಸಾಲು ಆಮಂತ್ರಣದಲ್ಲಿ ಅಚ್ಚಾದಾಗ ಅದು ಯಾರ ಮೇಲೆ ಎಷ್ಟು ಭಾರವಾಗಿ ಬೀಳುತ್ತದೆಂಬುದನ್ನು ಒಮ್ಮೆ ಯೋಚಿಸಬೇಕು. ‘ಮನೆಯವರು ಬನ್ನಿ’ ಎಂದರೆ ಸಾಲದೇ?

ಧರ್ಮಸಭೆ ಡಿಸೆಂಬರ್ 17ರಂದು ಓದಲು ಆಯ್ದುಕೊಂಡಿರುವ ಶುಭಸಂದೇಶದ ಭಾಗ ಇದೇ ಕಾರಣಕ್ಕೆ ನನಗೆ ಬಹಳ ಇಷ್ಟ. ಅದು ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿ. ಓದುವ ಗುರುಗಳಿಗೆ ನಾಲಿಗೆ ತೊಡರುವಷ್ಟು ಹೆಸರುಗಳು, ಕೇಳುವ ಮಕ್ಕಳಿಗೆ ಆಕಳಿಕೆ. ಆದರೆ ಅಷ್ಟು ಗಂಡಸರ ಹೆಸರುಗಳ ನಡುವೆ ಐವರು ಹೆಂಗಸರು ಬರುತ್ತಾರೆ. ಮಾವನಿಂದಲೇ ಮಕ್ಕಳನ್ನು ಪಡೆಯಬೇಕಾಗಿ ಬಂದ ತಾಮಾರ, ಜೆರಿಕೊ ನಗರದ ವೇಶ್ಯೆ ರಾಹಾಬ, ಗಂಡ ಸತ್ತ ಮೇಲೆ ಅತ್ತೆಯ ಬೆನ್ನುಹತ್ತಿ ಪರದೇಶಕ್ಕೆ ಬಂದ ರೂತ, ಹೆಸರನ್ನೂ ಹೇಳದೆ ‘ಊರೀಯನ ಹೆಂಡತಿ’ ಎಂದು ಮತ್ತಾಯ ಕರೆಯುವ ಬತ್ಷೆಬ, ಕೊನೆಯಲ್ಲಿ ಮರಿಯ. ಯೇಸುವಿನ ಮನೆತನವನ್ನು ತಿದ್ದಿ ತೀಡಿ ತೋರಿಸುವ ಆಸೆ ಶುಭಸಂದೇಶಕಾರನಿಗೆ ಇರಲಿಲ್ಲ. ಅದರ ಮರುದಿನ ಓದುವ ಭಾಗದಲ್ಲಿ ಗರ್ಭಿಣಿಯಾದ ಮರಿಯಳನ್ನು ಯಾರಿಗೂ ತಿಳಿಯದಂತೆ ಬಿಟ್ಟುಬಿಡಬೇಕೆಂದು ಜೋಸೆಫ ನಿರ್ಧರಿಸಿರುತ್ತಾನೆ. ಆ ಬಳಿಕ ಲೂಕನ ಶುಭಸಂದೇಶದಲ್ಲಿ ಮುಪ್ಪಿನಲ್ಲಿ ಬಸಿರಾದ ಎಲಿಸಬೇತ, ಮಾತು ನಿಂತುಹೋದ ಜಕರೀಯ. ಆಗಮನ ಕಾಲದ ಕೊನೆಯ ವಾರದ ವಾಚನಗಳನ್ನು ಒಟ್ಟಾಗಿ ನೋಡಿದರೆ ಅವು ಇಕ್ಕಟ್ಟಿನಲ್ಲಿರುವ ಕುಟುಂಬಗಳ ವೃತ್ತಾಂತಗಳೇ. ಹಿರಿಯ ತರಗತಿಗಳಲ್ಲಿ ಧರ್ಮೋಪದೇಶದ ಶಿಕ್ಷಕರು ಈ ವಂಶಾವಳಿಯನ್ನು ನಿಧಾನವಾಗಿ ಓದಿಸಿ, ಒಂದೊಂದು ಹೆಸರಿನ ಹಿಂದಿನ ಕಥೆಯನ್ನು ವಯಸ್ಸಿಗೆ ತಕ್ಕಂತೆ ಹೇಳಿದರೆ, ತನ್ನ ಮನೆ ಚಿತ್ರದಲ್ಲಿರುವಂತೆ ಇಲ್ಲವೆಂದು ಕುಗ್ಗುವ ಹುಡುಗನಿಗೋ ಹುಡುಗಿಗೋ ಅಲ್ಲಿ ಜಾಗ ಸಿಗುತ್ತದೆ. ಅದಕ್ಕೆ ವೇದಿಕೆ ಬೇಡ, ಬಣ್ಣ ಬೇಡ, ಒಂದು ತರಗತಿಯ ಅವಧಿ ಸಾಕು.

ಕಥೋಲಿಕ ಶಾಲೆಗಳಲ್ಲಿ ಬೇರೆ ಧರ್ಮಗಳ ಮಕ್ಕಳೂ ಯಾವ ಧರ್ಮವನ್ನೂ ಪಾಲಿಸದ ಮನೆಗಳ ಮಕ್ಕಳೂ ಓದುತ್ತಾರೆ. ಕೆಲವು ಶಾಲೆಗಳಲ್ಲಿ ಅವರೇ ಬಹುಸಂಖ್ಯಾತರು. ಅವರ ಪೋಷಕರು ಶಾಲೆಯ ಧರ್ಮವನ್ನು ಗೌರವಿಸಿಯೇ ಮಕ್ಕಳನ್ನು ಸೇರಿಸಿರುತ್ತಾರೆ, ಸಾಮಾನ್ಯವಾಗಿ ಕ್ರಿಸ್ಮಸ್ ನಾಟಕದಲ್ಲಿ ತಮ್ಮ ಮಗಳು ದೇವದೂತೆಯಾದದ್ದಕ್ಕೆ ಸಂತೋಷವನ್ನೂ ಪಡುತ್ತಾರೆ. ಅವರ ಸಂಜೆಗಳನ್ನು ಬಿಟ್ಟುಕೊಟ್ಟರೆ ಅವರಿಗೂ ಉಪಕಾರವೇ. ಈ ವಿಷಯದಲ್ಲಿ ಹೆಚ್ಚು ಬೆಳೆಸಬೇಕಾದದ್ದಿಲ್ಲ.

ದಾನದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಆಗಮನ ಕಾಲದಲ್ಲಿ ಬಡವರಿಗಾಗಿ ಬಟ್ಟೆ, ಆಟಿಕೆ, ಹಣ ಸಂಗ್ರಹಿಸುವುದು ಒಳ್ಳೆಯ ರೂಢಿ, ಅದು ನಿಲ್ಲಬಾರದು. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದು ಸ್ನಾನಿಕ ಯೊವಾನ್ನ ಹೇಳಿದ ಮಾತನ್ನು ಮೂರು ವರ್ಷಗಳಿಗೊಮ್ಮೆ ಮೂರನೆಯ ಭಾನುವಾರದಂದು ಓದುತ್ತೇವೆ. ಆದರೆ ಯಾವ ತರಗತಿ ಎಷ್ಟು ತಂದಿತು ಎಂದು ಫಲಕದ ಮೇಲೆ ಬರೆಯುವ ಪದ್ಧತಿ ಹೇಗೆ ಬಂತೋ ತಿಳಿಯದು. ಅದೇ ತರಗತಿಯಲ್ಲಿ, ಕೊಡುವವರ ಪಕ್ಕದ ಬೆಂಚಿನಲ್ಲೇ, ಆ ಪೆಟ್ಟಿಗೆಯಿಂದ ಪಡೆದುಕೊಳ್ಳಬೇಕಾದ ಮನೆಯ ಮಗುವೂ ಕೂತಿರುತ್ತದೆ, ಅದೂ ಏನಾದರೂ ತರಬೇಕೆಂದು ಮನೆಯಲ್ಲಿ ಅಳುತ್ತದೆ. ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟು, ಯಾರು ಹಾಕಿದರು, ಯಾರು ಹಾಕಲಿಲ್ಲ ಎಂಬುದನ್ನು ಯಾರೂ ನೋಡದಂತೆ ಬಿಡಬಹುದು. ಹಂಚುವಾಗ ಫೋಟೋ ಬೇಡ ಎಂಬುದನ್ನು ನಾನು ಬೇರೆಯಾಗಿ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ, ಆದರೂ ಹೇಳುತ್ತಿದ್ದೇನೆ.

ಶಿಕ್ಷಕರ ಮನೆಗಳ ಬಗ್ಗೆಯೂ ಒಂದು ಮಾತು. ಮಕ್ಕಳ ತಾಲೀಮಿಗಾಗಿ ಸಂಜೆ ಉಳಿದುಕೊಳ್ಳುವ ಶಿಕ್ಷಕಿಗೆ ತನ್ನ ಮನೆಯಲ್ಲೂ ಮಕ್ಕಳಿರುತ್ತಾರೆ, ಅವರ ಶಾಲೆಯಲ್ಲೂ ನಾಟಕವಿರುತ್ತದೆ. ಈ ಹೆಚ್ಚುವರಿ ದುಡಿಮೆಗೆ ಹೆಚ್ಚಿನ ಸಂಬಳ ಕೊಡುವ ಶಾಲೆ ನನ್ನ ಗಮನಕ್ಕೆ ಬಂದಿಲ್ಲ. ಶಾಲೆಯೇ ಒಂದು ಕುಟುಂಬ ಎಂದು ವೇದಿಕೆಯಿಂದ ಹೇಳುವುದು ಸುಲಭ. ಅದರಲ್ಲಿ ದುಡಿಯುವವರ ಕುಟುಂಬಗಳಿಗೂ ಆಗಮನ ಕಾಲವಿದೆ ಎಂಬುದು ವೇಳಾಪಟ್ಟಿಯಲ್ಲಿ ಕಾಣಬೇಕು.

ನನ್ನ ಕೋರಿಕೆಗೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ, ಏಕೆಂದರೆ ಇವನ್ನು ಸಭೆಗಳಲ್ಲಿ ಕೇಳಿದ್ದೇನೆ. ಡಿಸೆಂಬರ್ 25ಕ್ಕೆ ಶಾಲೆ ರಜೆಯಲ್ಲಿರುತ್ತದೆ, ಆದ್ದರಿಂದ ಮೊದಲೇ ಆಚರಿಸದೆ ಬೇರೆ ದಾರಿಯಿಲ್ಲ ಎಂಬುದು ಮೊದಲನೆಯದು. ಆದರೆ ಕ್ರಿಸ್ಮಸ್ ಕಾಲ 25ಕ್ಕೆ ಮುಗಿಯುವುದಿಲ್ಲ, ಅಂದು ಆರಂಭವಾಗುತ್ತದೆ. ಎಂಟನೆಯ ದಿನ ಜನವರಿ 1ರಂದು ದೇವಮಾತೆಯ ಹಬ್ಬ, ನಡುವೆ ಬರುವ ಭಾನುವಾರ ಪವಿತ್ರ ಕುಟುಂಬದ ಹಬ್ಬ, ಆಮೇಲೆ ಮೂವರು ಜ್ಞಾನಿಗಳ ದರ್ಶನದ ಹಬ್ಬ, ಕೊನೆಗೆ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಅದು ಮುಂದುವರಿಯುತ್ತದೆ. 2027ರಲ್ಲಿ ಆ ಕೊನೆಯ ಹಬ್ಬ ಜನವರಿ 10ಕ್ಕೆ ಬರುತ್ತದೆ. ಜನವರಿ ಮೊದಲ ವಾರ ಬಾಗಿಲು ತೆರೆಯುವ ಶಾಲೆಗಳು ಅದೇ ವಾರ, ಶಾಲಾ ವೇಳೆಯೊಳಗೆ, ಮೂವರು ಜ್ಞಾನಿಗಳ ನಾಟಕ ಆಡಿದರೆ ಧರ್ಮಸಭೆಯ ಪಂಚಾಂಗಕ್ಕೂ ಶಾಲೆಯ ಪಂಚಾಂಗಕ್ಕೂ ತಾಳ ಕೂಡುತ್ತದೆ. ಅಂಗಡಿಗಳು ಅಲಂಕಾರ ಕಿತ್ತುಹಾಕಿದ ಮೇಲೂ ಹಬ್ಬ ನಡೆಯುತ್ತಿದೆ ಎಂಬುದನ್ನು ಮಕ್ಕಳು ನೋಡುತ್ತಾರೆ. ಡಿಸೆಂಬರ್‌ನಲ್ಲಿಯೇ ವರ್ಷ ಮುಗಿಯುವ ಶಾಲೆಗಳಿಗೆ ಇದು ಆಗದು. ಅವು ಒಂದೇ ಒಂದು ಕಾರ್ಯಕ್ರಮವನ್ನು ಡಿಸೆಂಬರ್ 17ರ ನಂತರ ಹಗಲಿನಲ್ಲಿ ಇಟ್ಟುಕೊಂಡು ಮಿಕ್ಕದ್ದನ್ನು ಬಿಡಬಹುದು. 17ಕ್ಕೆ ಮೊದಲೇ ಶಾಲೆ ಮುಚ್ಚುವ ಕಡೆ ಕೊನೆಯ ದಿನವೇ ಆಗಲಿ.

ಎರಡನೆಯ ಆಕ್ಷೇಪ ಇದಕ್ಕಿಂತ ಕಷ್ಟದ್ದು: ಕಾರ್ಯಕ್ರಮ ಬೇಕೆನ್ನುವವರು ಪೋಷಕರೇ. ಇದು ನಿಜ. ಮಗುವನ್ನು ವೇದಿಕೆಯ ಮೇಲೆ ನೋಡುವ ಆಸೆ, ಅದನ್ನು ಮೊಬೈಲಿನಲ್ಲಿ ಹಿಡಿದು ನೆಂಟರಿಗೆ ಕಳುಹಿಸುವ ಆಸೆ, ಪಕ್ಕದ ಶಾಲೆಯದಕ್ಕಿಂತ ನಮ್ಮದು ದೊಡ್ಡದಾಗಿರಲಿ ಎಂಬ ಆಸೆ ನಮ್ಮೊಳಗೆ ಇದೆ. ಆದ್ದರಿಂದ ಈ ಪತ್ರವನ್ನು ಓದುತ್ತಿರುವ ಪೋಷಕರಲ್ಲಿಯೂ ಕೇಳಿಕೊಳ್ಳುತ್ತೇನೆ: ಶಾಲೆ ಒಂದು ಕಾರ್ಯಕ್ರಮವನ್ನು ಕೈಬಿಟ್ಟಾಗ ಮುಖ್ಯೋಪಾಧ್ಯಾಯರಿಗೆ ದೂರಿನ ಪತ್ರ ಬರೆಯಬೇಡಿ, ಹಾಗೆ ಬಿಟ್ಟುಬಂದ ಸಂಜೆಯನ್ನು ಟ್ಯೂಷನ್ನಿಗೋ ಮಾಲ್‌ಗೋ ಒಪ್ಪಿಸಲೂ ಬೇಡಿ. ದಿನಕ್ಕೆ ಕೆಲವು ನಿಮಿಷ ಒಟ್ಟಿಗೆ ಕೂತು ನಮ್ಮ ಚಿಂತೆಗಳನ್ನು ದೇವರ ಮುಂದಿಟ್ಟರೂ ಅದು ಕುಟುಂಬಕ್ಕೆ ಬಹಳ ಒಳಿತು ಮಾಡುತ್ತದೆ ಎಂದಷ್ಟೇ ‘ಅಮೋರಿಸ್ ಲೆತೀಸಿಯ’ ಹೇಳುತ್ತದೆ. ಕೆಲವು ನಿಮಿಷ ಎಂದಿದೆಯೇ ಹೊರತು ಗಂಟೆಗಟ್ಟಲೆ ಎಂದಿಲ್ಲ.

ಹಾಗಾದರೆ ಆಗಮನ ಕಾಲದಲ್ಲಿ ಶಾಲೆ ಏನೂ ಮಾಡಬಾರದೇ ಎಂದರೆ, ಶಾಲಾ ವೇಳೆಯೊಳಗೆ ಅದು ಮಾಡಬಹುದಾದದ್ದು ಧಾರಾಳವಾಗಿದೆ, ಮತ್ತು ಅದಕ್ಕೆ ತಾಲೀಮು ಬೇಡ. ಸೋಮವಾರ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಆ ವಾರದ ಬತ್ತಿಯನ್ನು ಒಂದು ಮಗು ಹಚ್ಚಲಿ, ಭಾಷಣ ಬೇಡ. ದಾವೀದನ ತಂದೆ ಜೆಸ್ಸೆಯನ ಬುಡದಿಂದ ಚಿಗುರೊಂದು ಒಡೆಯುವುದು ಎಂಬ ಯೆಶಾಯನ ಪ್ರವಾದನೆಯನ್ನು ಹಿಡಿದು, ಒಣಕೊಂಬೆಯೊಂದಕ್ಕೆ ಆದಾಮನಿಂದ ಮರಿಯಳವರೆಗಿನ ಕಥೆಗಳ ಚಿತ್ರಗಳನ್ನು ದಿನಕ್ಕೊಂದರಂತೆ ತೂಗುಹಾಕುವುದು ಚಿಕ್ಕ ಮಕ್ಕಳಿಗೆ ಹಿಡಿಸುತ್ತದೆ. ದೊಡ್ಡ ಮಕ್ಕಳಿಗೆ ಪಾಪನಿವೇದನೆಗೆ ಅವಕಾಶವಿರಲಿ, ಸರದಿಯ ಸಾಲಿನಲ್ಲಿ ನಿಲ್ಲಿಸಿ ಗಡಿಬಿಡಿ ಮಾಡದೆ. ಡಿಸೆಂಬರ್ 17ರಿಂದ 23ರವರೆಗೆ ಧರ್ಮಸಭೆ ಸಂಜೆಯ ಪ್ರಾರ್ಥನೆಯಲ್ಲಿ ಮರಿಯಳ ಸ್ತುತಿಗೀತೆಯ ಜೊತೆಗೆ ಹಾಡುವ ಏಳು ಪುರಾತನ ಕಿರುಗೀತೆಗಳಿವೆ: ಓ ಜ್ಞಾನವೇ, ಓ ಪ್ರಭುವೇ, ಓ ಜೆಸ್ಸೆಯನ ಬೇರೇ, ಓ ದಾವೀದನ ಬೀಗದ ಕೈಯೇ, ಓ ಉದಯದ ಬೆಳಕೇ, ಓ ಜನಾಂಗಗಳ ಅರಸನೇ, ಓ ಇಮ್ಮಾನುವೇಲನೇ. ಪ್ರತಿಯೊಂದೂ ‘ಬನ್ನಿ’ ಎಂಬ ಕರೆಗೆ ಬಂದು ಮುಟ್ಟುತ್ತದೆ. ರಜೆಗೆ ಮೊದಲು ಇವುಗಳಲ್ಲಿ ಎಷ್ಟು ದಿನ ಸಿಗುತ್ತದೋ ಅಷ್ಟು ದಿನ, ಕೊನೆಯ ಗಂಟೆ ಬಾರಿಸುವ ಮುನ್ನ ಒಂದನ್ನು ಹಾಡಿಸಿ ಮಕ್ಕಳನ್ನು ಮನೆಗೆ ಕಳುಹಿಸಿದರೆ ಅದೇ ಗೀತೆಯನ್ನು ಅವರು ಊಟದ ಹೊತ್ತಿಗೆ ಮನೆಯಲ್ಲೂ ಹಾಡುತ್ತಾರೆ. ಮಕ್ಕಳ ಸ್ವಭಾವವೇ ಹಾಗೆ. ಸಹಿಯ ಪಟ್ಟಿ ಅಲ್ಲಿ ಬೇಕಾಗುವುದಿಲ್ಲ.

ಪೂಜಾವಸ್ತ್ರ ಗುಲಾಬಿ ಬಣ್ಣಕ್ಕೆ ತಿರುಗುವ ಮೂರನೆಯ ಭಾನುವಾರ ‘ಪ್ರಭುವಿನಲ್ಲಿ ಸದಾ ಆನಂದಿಸಿರಿ’ ಎಂಬ ಪೌಲರ ಮಾತಿನೊಂದಿಗೆ ಬಲಿಪೂಜೆ ಆರಂಭವಾಗುತ್ತದೆ. ಶಾಲೆ ಈ ನಾಲ್ಕು ವಾರಗಳಲ್ಲಿ ಕುಟುಂಬಗಳನ್ನು ಒಮ್ಮೆ ಸೇರಿಸಲೇಬೇಕೆಂದಿದ್ದರೆ ಆ ದಿನ ಧರ್ಮಕೇಂದ್ರದ ಎಂದಿನ ಬಲಿಪೂಜೆಗೇ ಎಲ್ಲರನ್ನೂ ಕರೆಯಬಹುದು. ಅದಕ್ಕೆ ಬೇರೆ ವೇದಿಕೆ, ಬೇರೆ ಅತಿಥಿ, ಬೇರೆ ಸ್ವಾಗತ ಭಾಷಣ ಯಾವುದೂ ಬೇಡ, ಬಲಿಪೂಜೆ ಮುಗಿದ ಮೇಲೆ ಎಲ್ಲರೂ ಬೇಗ ಮನೆಗೆ ಹೋಗಲಿ.

2026ರಲ್ಲಿ ಆಗಮನ ಕಾಲ ನವೆಂಬರ್ 29ರಂದು ಆರಂಭವಾಗುತ್ತದೆ, ನಾಲ್ಕನೆಯ ಭಾನುವಾರ ಡಿಸೆಂಬರ್ 20, ಕ್ರಿಸ್ಮಸ್ ಶುಕ್ರವಾರ. ಒ‌ಟ್ಟು 26 ದಿನ. ಶಾಲೆಗಳ ಕಾರ್ಯಕ್ರಮ ಪಟ್ಟಿ ಅಚ್ಚಾಗುವುದು ಅದಕ್ಕಿಂತ ಬಹಳ ಮೊದಲು, ಒಮ್ಮೆ ಅಚ್ಚಾದ ಮೇಲೆ ಅದನ್ನು ಬದಲಿಸುವುದು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಅದು ಅಚ್ಚಿಗೆ ಹೋಗುವ ಮುನ್ನ ನಡೆಯುವ ಪೋಷಕರ ಸಭೆಯಲ್ಲಿ ಈ 26 ದಿನಗಳ ಸಂಜೆಗಳ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಶಿಕ್ಷಕರನ್ನೂ ಕೂರಿಸಿಕೊಂಡು ಚರ್ಚಿಸಬೇಕೆಂದು ಕೋರುತ್ತೇನೆ. ಎಲ್ಲವನ್ನೂ ಬಿಡಲಾಗದು ಎಂದು ಸಭೆ ತೀರ್ಮಾನಿಸಿದರೆ, ಮೊದಲ ವರ್ಷ ಡಿಸೆಂಬರ್ 17ರಿಂದ 24ರವರೆಗಿನ ಸಂಜೆಗಳನ್ನಾದರೂ ಖಾಲಿ ಬಿಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ ಮತ್ತು ಧರ್ಮೋಪದೇಶದ ಶಿಕ್ಷಕಿ